ಕುಸುಮಾಳ ಹಕ್ಕಿನ ಭಾಷಣ

ಇವತ್ತು ತೋಟದಲ್ಲಿ ಕೆಲಸ ಬಿಡುವ ಕಂಬಿ ಬಾರಿಸಿದ ಕೂಡಲೇ ಲ್ಯಾಪ್‌ಟಾಪ್ ಮುಚ್ಚುವುದೇ ಸೈ, ತಡೆಯುವ ಗಂಡಸು ಇನ್ನೂ ಹುಟ್ಟಿಲ್ಲ ಎಂದು ಕುಸುಮಾ ಬೆಳಿಗ್ಗೆಯೇ ಘೋಷಿಸಿದಳು. ಕೇಳಿಸಿಕೊಳ್ಳಲು ಮನೆಯಲ್ಲಿ ಕನ್ನಡಿ ಬಿಟ್ಟರೆ ಯಾರೂ ಇರಲಿಲ್ಲ. ಅವ್ವ ಹುಚ್ಚಮ್ಮ ಆಗಲೇ ಕಾಫಿ ಹಣ್ಣು ಕುಯ್ಯಲು ಹೋಗಿದ್ದಳು.

ವಸ್ತಾರೆ ಹತ್ತಿರದ ಎಸ್ಟೇಟಿನ ಕೂಲಿಯವರ ಲೈನ್ ಮನೆಯಲ್ಲೇ ಕೂತು ಕುಸುಮಾ ಕಂಪನಿ ಕೆಲಸ ಮಾಡುತ್ತಿದ್ದಳು. ಕೆಲಸದ ಆರ್ಡರಿನಲ್ಲಿ ಬರೆದಿರುವುದು ನಾಲ್ಕೂವರೆಯವರೆಗೆ. ಮ್ಯಾನೇಜರ್ ಬಸವಪ್ರಸಾದ್ ಬಿಡುತ್ತಿದ್ದದ್ದು ಎಂಟಕ್ಕೆ. ತೋಟದವರಿಗೂ ಹೊತ್ತು ನಾಲ್ಕೂವರೆಯೇ, ಆದರೆ ಅವರ ಪಾಡು ಹಾಗಲ್ಲ. ಸುಬ್ಬಣ್ಣ ಮೇಸ್ತ್ರಿ ಕಣದ ಪಕ್ಕ ನೇತುಹಾಕಿದ ರೈಲು ಕಂಬಿಗೆ ಢಣ್ ಎಂದು ಬಾರಿಸಿದರೆ ಮುಗಿಯಿತು, ಎಲ್ಲರೂ ಹರಟುತ್ತಾ ಮನೆಗೆ ಬರುತ್ತಿದ್ದರು. ಆ ನಗು ಕಿಟಕಿಯಲ್ಲಿ ಕೇಳುವಾಗ ಒಳಗೆ ಒಬ್ಬಳೇ ಕೂತ ಕುಸುಮಾಳಿಗೆ ಹೊಟ್ಟೆಯೂ ಉರಿಯುತ್ತಿತ್ತು, ಅಳುವೂ ಬರುತ್ತಿತ್ತು.

ಸಂಜೆ ಮೀಟಿಂಗ್ ನಡೆಯುತ್ತಿತ್ತು. ಢಣ್! ಕುಸುಮಾ ಎದ್ದು ನಿಂತಳು.

"ನಾವೂ ಮನುಷ್ಯರೇ! ನಾಲ್ಕೂವರೆ ಅಂದ್ಮೇಲೆ ನಾಲ್ಕೂವರೆ. ದುಡಿಯೋರಿಗೂ ಕಾನೂನಿದೆ. ಇನ್ನೊಂದಿನ ಹೊತ್ತು ಮೀರಿದ್ರೆ ಲೇಬರ್ ಆಫೀಸಿಗೇ ಹೋಗ್ತೀನಿ!"

ಹೀಗೆ ಹತ್ತು ನಿಮಿಷ ಗುಡುಗಿದಳು. ಪರದೆಯ ಮೇಲಿನ ಆರು ಮುಖಗಳಲ್ಲಿ ಒಂದೂ ಮಿಸುಕಲಿಲ್ಲ. ಹೆದರಿಬಿಟ್ಟರು, ಪಾಪ, ಎಂದುಕೊಂಡಳು.

"ಏನೋ ಹೇಳ್ತಿದ್ರಿ ಕುಸುಮಾ, ಮೈಕ್ ಆಫ್ ಇದೆ," ಎಂದ ಬಸವಪ್ರಸಾದ್. "ಇರ್ಲಿ, ಅರ್ಜೆಂಟ್ ಫೈಲೊಂದಿದೆ, ಇವತ್ತೇ ಮುಗಿಸಿ."

ಕಂಬಿಯ ಸದ್ದು ಕೇಳಿದರೆ ಮೀಟಿಂಗಿನವರು 'ಅದೇನ್ರೀ, ದೇವಸ್ಥಾನದಲ್ಲಿದ್ದೀರಾ' ಎಂದು ಕೇಳುತ್ತಾರೆಂದು ದಿನಾ ಆ ಹೊತ್ತಿಗೆ ಮೈಕ್ ಆಫ್ ಮಾಡುವುದು ಅವಳದೇ ರೂಢಿ. ಬೆರಳು ಇವತ್ತೂ ನಿಯತ್ತಾಗಿ ಕೆಲಸ ಮಾಡಿತ್ತು. ಎರಡನೇ ಸಲ ಗುಡುಗಲು ಅವಳಲ್ಲಿ ಉಸಿರು ಉಳಿದಿರಲಿಲ್ಲ. ಮೈಕ್ ಒತ್ತಿ "ಆಯ್ತು ಸರ್" ಎಂದಳು.

ಕಿಟಕಿಗೆ ಮಾತ್ರ ಮೈಕ್ ಬೇಕಿರಲಿಲ್ಲ. ಹೊರಗೆ ಸುಬ್ಬಣ್ಣ ಮೇಸ್ತ್ರಿ ಬೆವರುತ್ತಾ ನಿಂತಿದ್ದ.

"ಲೇಬರ್ ಆಫೀಸೆಲ್ಲ ಯಾಕೆ ಮಾರಾಯ್ತಿ? ದಿನಾ ಕಾಲು ಗಂಟೆ ತಡ ಮಾಡಿ ಬಾರಿಸ್ತಿದ್ದೆ, ತಪ್ಪಾಯ್ತು. ನಾಳೆಯಿಂದ ಸರಿಯಾಗಿ ನಾಲ್ಕೂವರೆಗೇ."

ಮಾರನೆಯ ದಿನ ನಾಲ್ಕೂವರೆಗೇ ಢಣ್. ಲೈನಿನವರೆಲ್ಲ ಜಗಲಿಯಲ್ಲಿ ಕಾಫಿ ಕುಡಿಯುತ್ತಾ ಕುಸುಮಾಳನ್ನು ಹೊಗಳಿದ್ದೇ ಹೊಗಳಿದ್ದು. ಕುಸುಮಾ ಒಳಗೆ ಮೀಟಿಂಗಿನಲ್ಲಿದ್ದಳು. ಹುಚ್ಚಮ್ಮ ಲೋಟ ಹಿಡಿದು ಬಾಗಿಲಿಗೆ ಬಂದಳು.

"ನಮ್ ಮೇಸ್ತ್ರಿಗೆ ಹೇಳ್ದಂಗೆ ನಿನ್ ಮೇಸ್ತ್ರಿಗೂ ಒಂಚೂರು ಹೇಳೇ. ಹೊರಗೆ ಬಂದು ನಮ್ ಜೊತೆ ಕೂರ್ಬೋದು."

"ಸುಮ್ನಿರವ್ವಾ," ಕುಸುಮಾ ಪಿಸುಗುಟ್ಟಿದಳು. "ಮೈಕ್ ಆನ್ ಇದೆ."