ನಿಂಬೆ ಕೊಂಬೆಯ ಬಿಲ್ಲು

ಬಿಲ್ಲು ಮಾಡುವುದೇನು ಮಹಾ ವಿದ್ಯೆ? ಒಂದು ಕೋಲು, ಒಂದು ಹಗ್ಗ! ನಮ್ಮ ಇಂಡಿ ಪಟ್ಟಣದ ಶಾಲೆಯೊಂದರಲ್ಲಿ ಆಟ ಕಲಿಸುವ ನನ್ನ ಹೆಂಡತಿ ಸುಜಾತಾ ಅಂಗಡಿಯಿಂದ ಬಿಲ್ಲು ತರಿಸಲು ಹೊರಟಾಗ ನಾನು ಹೀಗೆಂದು ಘೋಷಿಸಿದೆ.

ಮದುವೆಗೆ ಮುಂಚೆ ಅವಳು ಬಿಲ್ಲುಗಾರ್ತಿ, ಕಾಲೇಜಿನಲ್ಲಿ ಬಹುಮಾನ ಗೆದ್ದವಳು. ಆಮೇಲೆ ಸಂಸಾರ ಬಂತು, ಬಿಲ್ಲು ಹೋಯಿತು. ಈಗ ಶಾಲೆಯ ಹುಡುಗಿಯರಿಗೆ ಕಲಿಸುವ ಆಸೆ. "ಬರೂ ಕ್ರೀಡಾಕೂಟದಾಗ ಒಮ್ಮೆ ಹೊಡದ ತೋರಸ್ರಿ ಬಾಯಾರ, ಆಮ್ಯಾಲ ನೋಡೂಣು" ಎಂದಿದ್ದರು ಹೆಡ್‌ಮಾಸ್ತರರು. ಎಷ್ಟೋ ವರ್ಷದ ಮೇಲೆ ಅವಳ ಕಣ್ಣಲ್ಲಿ ಆ ಹೊಳಪು ಕಂಡು ನನ್ನ ಎದೆ ಉಬ್ಬಿತು. ಎದೆ ಉಬ್ಬಿದವನ ಕೈಗೆ ಕೊಡಲಿ ಸಿಕ್ಕರೆ ಏನಾಗಬೇಕೋ ಅದೇ ಆಯಿತು.

ನಿಂಬೆಗೆ ಹೆಸರಾದ ಇಂಡಿಯಲ್ಲಿ ಹುಟ್ಟಿದವನಿಗೆ ಮರವೆಂದರೆ ನಿಂಬೆಯೇ. ನಮ್ಮ ತೋಟಕ್ಕೆ ಹೋಗಿ ನೆಟ್ಟಗಿನ ಕೊಂಬೆಯೊಂದನ್ನು ಕಡಿದೆ. ಅರ್ಧ ಅಂಗಿಯನ್ನು ಮುಳ್ಳುಗಳೇ ಇಟ್ಟುಕೊಂಡವು. ಹಸಿ ಕೊಂಬೆಯನ್ನು ತಂದು ಮಾಳಿಗೆಯ ಮೇಲೆ ಬಿರುಬಿಸಿಲಿಗೆ ಹಾಕಿದೆ. ನಮ್ಮ ಊರಿನ ಬಿಸಿಲಿಗೆ ಒಣಗದ್ದು ಯಾವುದಿದೆ? ಕೆಲವೇ ದಿನಗಳಲ್ಲಿ ಕೊಂಬೆ ಈ ತುದಿಯಿಂದ ಆ ತುದಿಗೆ ಸೀಳಿತು!

"ಇದೇನ್ರಿ, ಸಂಡಿಗಿ ಒಣಗಿಸಿದಂಗ ಒಣಗಿಸೀರಿ?" ಸುಜಾತಾ ಹಣೆ ಬಡಿದುಕೊಂಡಳು. "ಕಟ್ಟಿಗಿ ನೆರಳಾಗ ಆರಬೇಕ್ರಿ. ಕಡದ ತುದಿಗೆ ಸೆಗಣಿ ಮೆತ್ತಬೇಕು, ಇಲ್ಲಂದ್ರ ಅಲ್ಲಿಂದನ ಸೀಳತೈತಿ. ನಾಕೈದು ತಿಂಗಳರ ತಡೀಬೇಕು."

"ಅಷ್ಟ ದಿನಾ ಕಾಯಾಕ ಅದೇನು ನಿಂಬಿಕಾಯಿ ಉಪ್ಪಿನಕಾಯಿ ಏನು?"

"ನನ್ನ ಸಲುವಾಗಿ ತಡೀರಿ" ಎಂದಳು ಮೆಲ್ಲಗೆ. ತಡೆದೆ.

ಎರಡನೆಯ ಕೊಂಬೆಯ ತುದಿಗಳಿಗೆ ಸೆಗಣಿ ಮೆತ್ತಿ, ಜೋಳದ ಚೀಲಗಳ ಹಿಂದೆ ಮಲಗಿಸಿ, ದಿನಾ ಬೆಳಿಗ್ಗೆ ಅದರ ಯೋಗಕ್ಷೇಮ ವಿಚಾರಿಸಿದೆ. ನಮ್ಮ ಮಗಳನ್ನೂ ನಾನು ಹೀಗೆ ಸಾಕಿರಲಿಲ್ಲವೆಂದು ಸುಜಾತಾ ಹಂಗಿಸಿದಳು.

ಅಂತೂ ಕೆತ್ತುವ ದಿನ ಬಂತು. "ಒಳಗಿನ ಬಾಜೂ ಅಷ್ಟ ಕೆತ್ರಿ. ಹೊರಗಿನ ಬಾಜೂ ಅಂದ್ರ ಬಿಲ್ಲಿನ ಬೆನ್ನು. ಅದನ್ನ ಮುಟ್ಟಬ್ಯಾಡ್ರಿ, ಮುರೀತೈತಿ" ಎಂದು ಹೇಳಿ ಅವಳು ಶಾಲೆಗೆ ಹೋದಳು. ಆ ಬೆನ್ನಿನ ಮೇಲೊಂದು ಗಂಟು ಎದ್ದು ಕಾಣುತ್ತಿತ್ತು. ನನ್ನ ಹೆಂಡತಿ ಹಿಡಿಯುವ ಬಿಲ್ಲಿಗೆ ಗಂಟೇ? ಕೇವಲ ಪ್ರೀತಿಯಿಂದ, ಉಜ್ಜುಗೊರಡು ಹೊಡೆದು ನುಣ್ಣಗೆ ಮಾಡಿಬಿಟ್ಟೆ! ಮೇಲೆ ಎಣ್ಣೆಯನ್ನೂ ಹಚ್ಚಿದೆ.

ಸಂಜೆ ಬಂದವಳು ಬಿಲ್ಲಿನ ಬೆನ್ನು ಸವರಿದಳು. ಗಂಟು ಇದ್ದ ಜಾಗದಲ್ಲಿ ಅವಳ ಬೆರಳು ನಿಂತವು. ನನ್ನ ಮುಖ ನೋಡಿದಳು, ಆಮೇಲೆ ಗುಳ್ಳೆ ಎದ್ದ ನನ್ನ ಅಂಗೈ ನೋಡಿದಳು.

"ಭಾಳ ಚಂದ ಆಗೇತ್ರಿ" ಎಂದಳು.

ಕ್ರೀಡಾಕೂಟದ ದಿನ ಇಡೀ ಶಾಲೆ ಸುತ್ತ ನಿಂತಿತ್ತು. ಸುಜಾತಾ ಬಿಲ್ಲನ್ನು ಅರ್ಧವಷ್ಟೇ ಎಳೆದು ಬಾಣ ಬಿಟ್ಟಳು. ಅದು ಗುರಿಗೆಂದು ನಿಲ್ಲಿಸಿದ್ದ ಜೋಳದ ದಂಟಿನ ಕಟ್ಟಿನ ನಟ್ಟನಡುವೆ ನಾಟಿತು. ಹುಡುಗಿಯರು ಕಿರುಚಿದರು. ಅಲ್ಲಿಗೇ ಸುಮ್ಮನಿದ್ದರೆ ನಾನು ನಾನಾಗುತ್ತಿರಲಿಲ್ಲ.

"ಪೂರಾ ಎಳಿ, ಸುಜಾತಾ!" ಎಂದು ಕೂಗಿದೆ.

ಅವಳು ಒಮ್ಮೆ ನನ್ನತ್ತ ಕರುಣೆಯಿಂದ ನೋಡಿ, ಎಳೆದಳು. ಫಟ್!

ನಾನು ಗಂಟು ಉಜ್ಜಿದ್ದ ಜಾಗದಲ್ಲೇ ಬಿಲ್ಲು ಮುರಿದಿತ್ತು. ಅರ್ಧ ಬಿಲ್ಲು ಹಿಡಿದು ನಿಂತ ಸುಜಾತಾ ನಗತೊಡಗಿದಳು. ಮದುವೆಯ ಹೊಸತರಲ್ಲಿ ನಗುತ್ತಿದ್ದಳಲ್ಲ, ಆ ನಗೆ.

ಹೆಡ್‌ಮಾಸ್ತರರು ಮೈಕ್ ಹಿಡಿದರು. "ಬಾಯಾರು ನಾಳಿಯಿಂದನ ಕಲಸ್ಲಿ. ಆದ್ರ ಒಂದು ಷರತ್ತು. ಬಿಲ್ಲು ಮಾತ್ರ ಅವರ ಯಜಮಾನ್ರು ಮಾಡಬಾರ್ದು!"

ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದವಳು ನನ್ನ ಹೆಂಡತಿ.