ಬಾಲನ್ನಿಗೆ ರೆಸಿನ್ ಹಾಕಿದ ಕಥೆ

ತನ್ನ ಕೈಯಾರೆ ಮಾಡಿದ ವಸ್ತುವಿನ ಮೇಲೆ ಮನುಷ್ಯನಿಗಿರುವ ಮೋಹ ಹೆತ್ತ ಮಕ್ಕಳ ಮೇಲೂ ಇರುವುದಿಲ್ಲ. ಮಕ್ಕಳ ತಪ್ಪನ್ನಾದರೂ ಮಾಸ್ತರರು ಎತ್ತಿ ತೋರಿಸುತ್ತಾರೆ. ಇಲ್ಲಿ ನಾನೇ ಮಾಸ್ತರ. ಸೇಡಂನ ಹೈಸ್ಕೂಲಿನಲ್ಲಿ ಇಪ್ಪತ್ತು ವರ್ಷಗಳಿಂದ ವಿಜ್ಞಾನ ಕಲಿಸುತ್ತಿದ್ದೇನೆ. ಹೀಗಾಗಿ ನನ್ನ ತಪ್ಪು ತೋರಿಸುವ ಕೆಲಸ ಹೆಂಡತಿ ಮಹಾದೇವಿಯ ಪಾಲಿಗೆ ಬಂದಿದೆ. ಅದನ್ನವಳು ರಜೆಯಿಲ್ಲದೆ ಮಾಡುತ್ತಾಳೆ.

ನನಗೆ ಹ್ಯಾಮ್ ರೇಡಿಯೋ ಹುಚ್ಚು, ಅಂದರೆ ಮನೆಯಲ್ಲಿ ಕೂತು ರೇಡಿಯೋದಲ್ಲಿ ದೂರದವರೊಡನೆ ಮಾತಾಡುವ ಹುಚ್ಚು. ಸರ್ಕಾರದ ಲೈಸೆನ್ಸ್ ಇರುವ ಹುಚ್ಚು. ಮಾಳಿಗೆಯ ಮೇಲೆ ಕಬ್ಬಿಣದ ಕಂಬ, ಅದಕ್ಕೆ ತಂತಿಯ ಆಂಟೆನಾ, ತಂತಿಯೂ ಕೇಬಲ್ಲೂ ಕೂಡುವಲ್ಲಿ ಬಾಲನ್ ಎಂಬ ಚಿಕ್ಕ ಸುರುಳಿ. ಅದರೊಳಗೆ ಮಳೆನೀರು ಹೊಕ್ಕರೆ ಕಥೆ ಮುಗಿಯಿತು. ಆಮೇಲೆ ಚಿಂಚೋಳಿಯ ಗೆಳೆಯ ರಾಜಶೇಖರನಿಗೆ ನನ್ನ ದನಿ ಕೊಡದೊಳಗಿಂದ ಕೂಗಿದಂತೆ ಕೇಳುತ್ತದೆ. ಈ ಮಳೆಗಾಲದಲ್ಲೂ ಹಾಗೇ ಆಯಿತು.

"ಈ ಐತವಾರದೊಳಗ ನಿಮ್ಮ ದನಿ ಚಿಂಚೋಳಿಗಿ ಮುಟ್ಟಲಿಲ್ಲಂದ್ರ ಕಂಬ ನಂದು. ಅರಿವಿ ಒಣಗಸಲಿಕ್ಕ ಹಗ್ಗ ಕಟ್ತೀನಿ" ಎಂದಳು ಮಹಾದೇವಿ.

ಕಂಬದ ಮಾತು ಬಂದಮೇಲೆ ಸುಮ್ಮನಿರಲಾದೀತೇ? ಹೊಯ್ದ ಮೇಲೆ ಕಲ್ಲಿನಂತೆ ಗಟ್ಟಿಯಾಗುವ ರೆಸಿನ್ ಎಂಬ ಅಂಟುದ್ರವ ತರಿಸಿದೆ. ಹೊಸ ಬಾಲನ್ನನ್ನು ಉಪ್ಪಿನಕಾಯಿಯ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು ಅಡುಗೆಮನೆಯ ಫರ್ಸಿಕಲ್ಲಿನ ನೆಲದ ಮೇಲೆ ಎರಕ ಹೊಯ್ದೆ. ಡಬ್ಬಿ ಸಣ್ಣಗೆ ಸೋರಿ ಫರ್ಸಿಗೆ ಅಂಟಿಕೊಂಡಿತು. ಆ ಪ್ರಕರಣವನ್ನು ವಿಸ್ತರಿಸುವುದಿಲ್ಲ. ಮರುದಿನ ಸುತ್ತಿಗೆ, ಉಳಿ, ಬೈಗುಳ ಮೂರೂ ಸೇರಿ ಹೊರತೆಗೆದಾಗ, ಒಳಗಿನ ಬಾಲನ್ ಕಾಣುವಂಥ, ಗಾಜಿನಂಥ ಗಟ್ಟಿ ಬಂತು. ಎಂಥ ಚೆಲುವು! ಮೂರು ದಿನ ಬಕೆಟಿನ ನೀರಿನಲ್ಲಿ ಮುಳುಗಿಸಿಟ್ಟೆ. ಓಣಿಯವರನ್ನೆಲ್ಲ ಕರೆದು ತೋರಿಸಿದೆ. ಚಹಾ ನನ್ನ ಲೆಕ್ಕದಲ್ಲೇ.

ಐತವಾರ ಅದನ್ನು ಕಂಬಕ್ಕೆ ಏರಿಸಿದೆ. ಮೈಕಿನಲ್ಲಿ ಅರ್ಧ ತಾಸು ಕೂಗಿದ ಮೇಲೆ ರಾಜಶೇಖರನ ಫೋನು ಬಂತು: "ಸರ್, ಯಾವಾಗ ಶುರು ಮಾಡ್ತೀರಿ?"

ಇಳಿಸಿದೆ. ಮಹಾದೇವಿ ಅದನ್ನು ಬಿಸಿಲಿಗೆ ಹಿಡಿದು ನೋಡಿದಳು. "ಇದೇನ್ರೀ, ಈ ತಂತಿ ಆ ಮೊಳಿಗಿ ಹತ್ತೇ ಇಲ್ಲಲ್ಲ?"

ಹೌದು, ತಾಗಿರಲಿಲ್ಲ. ಬೆಸುಗೆಯೇ ಹಾಕಿರಲಿಲ್ಲ. ಕೂದಲೆಳೆಯಷ್ಟು ಸಂದು, ಕಣ್ಣಿಗೆ ಸ್ಪಷ್ಟ, ಕೈಗೆ ಎಂದೆಂದಿಗೂ ಸಿಗದು. ನೀರು ಹೋಗುತ್ತದೆಯೇ ಎಂದು ಮೂರು ದಿನ ನೋಡಿದವನು ಕರೆಂಟು ಹೋಗುತ್ತದೆಯೇ ಎಂದು ಒಮ್ಮೆಯೂ ಮೀಟರ್ ಹಚ್ಚಿರಲಿಲ್ಲ. ಮಂಡಲ ಪೂರ್ಣವಾಗದೆ ವಿದ್ಯುತ್ ಹರಿಯದು ಎಂದು ಆ ವಾರವಷ್ಟೇ ಒಂಬತ್ತನೇ ಇಯತ್ತೆಗೆ ಬರೆಸಿದ್ದೆ. ನಾಚಿಕೆಯಿಂದ ಭೂಮಿಗಿಳಿದುಹೋದೆ.

ಮೋಡ ಕವಿಯಿತು. ಮಹಾದೇವಿ ಕೊಬ್ಬರಿ ಎಣ್ಣೆಯ ಖಾಲಿ ಬಾಟಲಿಯ ತಳ ಕತ್ತರಿಸಿ, ಒಣಗಿದ್ದ ನನ್ನ ಹಳೆಯ ಬಾಲನ್ನಿಗೆ ಟೋಪಿಯಂತೆ ಹಾಕಿಕೊಟ್ಟಳು. ಅದನ್ನು ಕಂಬಕ್ಕೇರಿಸಿ, ಜಡಿಮಳೆಯಲ್ಲೇ ಮೈಕ್ ಹಿಡಿದೆ.

"ಸರ್, ಭಾಳ ಖಡಕ್ ಕೇಳ್ಲಿಕತ್ತದ! ಏನ್ ಮಾಡಿದ್ರಿ?"

"ರೆಸಿನ್" ಎಂದುಬಿಟ್ಟೆ.

"ಹಂಗಾರ ನಾಳಿ ಬರ್ತೀನಿ. ನಂದಕ್ಕೂ ಹಾಕಿಕೊಡ್ರಿ."

ಬಂದೇಬಿಟ್ಟ. ನಮೂನೆಯೆಂದು ನಾನು ಕೊಟ್ಟ ಗಟ್ಟಿಯನ್ನು ಕೈಯಲ್ಲಿ ಹಿಡಿದು ಕೊಂಡಾಡಿದ. ಮಹಾದೇವಿ ಚಹಾ ಇಡುತ್ತ, "ಒಂದ್ ಹನಿ ನೀರ್ ಒಳಗ ಹೋಗಲ್ರಿ ಅಣ್ಣಾ" ಎಂದಳು. ಕರೆಂಟೂ ಹೋಗುವುದಿಲ್ಲ ಎಂಬ ಮುಂದಿನ ವಾಕ್ಯ ಅವಳು ಹೇಳಲಿಲ್ಲ. ಮಾಳಿಗೆಯ ಕಂಬದ ಕಡೆ ಮಾತ್ರ ಒಮ್ಮೆ ನೋಡಿದಳು.

ಕಂಬ ಈಗಲೂ ನನ್ನದೇ. ಆಂಟೆನಾದ ಕೆಳಗೆ, ನಾನೇ ಕಟ್ಟಿಕೊಟ್ಟ ಅವಳ ಅರಿವೆಯ ಹಗ್ಗವಿದೆ. ನಾನು ರೆಸಿನ್ನಿನ ಮಹಿಮೆಯನ್ನು ಚಿಂಚೋಳಿಗೆ ಬಣ್ಣಿಸುವಾಗ ನನ್ನವೇ ಬನಿಯನ್ನುಗಳು ಅಲ್ಲಿ ನೀರು ಸುರಿಸುತ್ತ ನೇತಾಡುತ್ತಿರುತ್ತವೆ.