ಆನಂದತೀರ್ಥ ಮಾಸ್ತರರ ಭಯಕ್ಕೆ ಬದಲಿ

೨೦೦೭ರವರೆಗೆ ಸೇಡಂ ಸೀಮೆಯಲ್ಲಿ ಮಾನಸಿಕ ಆಘಾತಕ್ಕೆ ಒಳಗಾದವರು ಒಬ್ಬರೂ ಇರಲಿಲ್ಲ. ಅಂಥವರನ್ನು ನೋಂದಾಯಿಸಿಕೊಳ್ಳುವ ಕೇಂದ್ರ ಇರದಿದ್ದುದೇ ಇದಕ್ಕೆ ಕಾರಣ. ಆ ವರ್ಷ ‘ಆನ್‌ಲೈನ್ ಆಘಾತ ಶಮನ ಕೇಂದ್ರ’ ಮಂಜೂರಾಯಿತು. ಕೋಣೆ ಬಂತು, ಕಂಪ್ಯೂಟರ್ ಬಂತು, ಕಂಪ್ಯೂಟರಿಗೆ ಹೊದಿಸಲು ಗುಲಾಬಿ ಬಣ್ಣದ ಗೌಸು ಬಂತು. ರೋಗಿ ಮಾತ್ರ ಬರಲಿಲ್ಲ. ಉದ್ಘಾಟನೆಯ ಒಳಗಾಗಿ ಒಬ್ಬರಾದರೂ ಆಘಾತಗೊಂಡಿರತಕ್ಕದ್ದು ಎಂದು ಮೇಲಿನಿಂದ ಆದೇಶವಾಯಿತು.

ಕೇಂದ್ರದ ಪ್ರಭಾರಿ ಕಲ್ಯಾಣಪ್ಪನವರಿಗೆ ಆಗ ಆನಂದತೀರ್ಥ ಮಾಸ್ತರರ ನೆನಪಾಯಿತು.

ಮಾಸ್ತರರು ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳುವವರು. ಹಿಂದಿನ ವರ್ಷ ಲೋಪಸಂಧಿ ವಿವರಿಸಲು ಕುರ್ಚಿಯಿಂದ ಎದ್ದು ಹಲಗೆಯ ಕಡೆ ತಿರುಗಿದ್ದರು. ಅದೇ ಹೊತ್ತಿಗೆ ಚಾವಣಿಯ ಫರಸಿ ಕಲ್ಲೊಂದು ಲೋಪವಾಗಿ ಅವರ ಕುರ್ಚಿಯ ಮೇಲೆ ಆಗಮವಾಯಿತು. ಮಕ್ಕಳಿಗೆ ಉದಾಹರಣೆ ಚೆನ್ನಾಗಿ ತಿಳಿಯಿತು. ಮಾಸ್ತರರು ಮಾತ್ರ ಅಂದಿನಿಂದ ಯಾವ ಚಾವಣಿಯ ಕೆಳಗೂ ಹೋಗಲಿಲ್ಲ. ಪಾಠ ಬೇವಿನ ಮರದ ಕೆಳಗೆ, ಊಟ ಅಂಗಳದಲ್ಲಿ, ನಿದ್ದೆ ಮಾಳಿಗೆಯ ಮೇಲೆ. ಮೇಲೆ ಮಲಗಿದವನ ಮೇಲೆ ಮಾಳಿಗೆ ಬೀಳುವುದಿಲ್ಲ ಎಂಬ ಅವರ ವಾದವನ್ನು ಊರಿನಲ್ಲಿ ಯಾರಿಗೂ ಖಂಡಿಸಲಾಗಲಿಲ್ಲ.

ಹೆಂಡತಿ ಭಾಮಾ ಇದನ್ನು ಸಹಿಸಿಕೊಂಡಿದ್ದರು. ಆದರೆ ಮಗಳು ಪ್ರಮಿತಾಳ ಮದುವೆ ಕಲ್ಯಾಣಮಂಟಪದಲ್ಲಿ ನಿಶ್ಚಯವಾಯಿತು. ಮಂಟಪಕ್ಕೆ ಚಾವಣಿ ಇತ್ತು. ವರನ ತಾಯಿ ವಿಮಲಾಬಾಯಿ ಅಂಗಳದಲ್ಲಿ ನಿಂತು ಸ್ಪಷ್ಟವಾಗಿ ಹೇಳಿಹೋದರು:

“ಬೀಗರು ಒಳಗ ಬರೂದಿಲ್ಲಂದ್ರ ಧಾರಿ ಯಾರು ಎರೀತಾರ್ರಿ? ನಮ್ಮ ಮಂದಿ ನೂರು ಮಾತು ಆಡ್ತಾರ. ಅಂಜಿಕಿ ಹೋಗ್ಯದ ಅಂತ ಸರ್ಕಾರದ್ದೊಂದು ಕಾಗದ ತೋರಸ್ರಿ. ಇಲ್ಲಾಂದ್ರ ಈ ಸಂಬಂಧ ಇಲ್ಲಿಗೇ ಬಿಡೂಣು.”

ಮಗಳ ಕೈಯನ್ನು ತಾನೇ ಧಾರೆ ಎರೆದು ಕೊಡಬೇಕೆಂಬುದು ಮಾಸ್ತರರ ಆಸೆ. ಮರುದಿನವೇ ಅವರು ಕೇಂದ್ರಕ್ಕೆ ಹೋಗಿ ಹೊಸ್ತಿಲ ಹೊರಗೆ ನಿಂತರು. ಗೋಡೆಯ ಮೇಲೆ ‘ಚಿಕಿತ್ಸೆಯಿಂದ ಏನನ್ನು ನಿರೀಕ್ಷಿಸಬಹುದು’ ಎಂಬ ಪ್ರಕಟಣೆ ಇತ್ತು:

“ಮೊದಲ ಭೇಟಿಯಲ್ಲಿ ಅಳು ಬರಬಹುದು. ಬಾರದಿದ್ದಲ್ಲಿ ಸೂಕ್ತ ಕಾರಣ ನೀಡತಕ್ಕದ್ದು. ಹೇಳಲು ಮನಸ್ಸಿಲ್ಲದ ಸಂಗತಿಗಳನ್ನು ರೋಗಿಯು ಹೇಳಬೇಕಾಗಿಲ್ಲ. ಅವುಗಳನ್ನು ಬರೆದು ಎರಡು ಪ್ರತಿಗಳಲ್ಲಿ ಸಲ್ಲಿಸಿದರೆ ಸಾಕು. ಮಾತುಕತೆ ಸಂಪೂರ್ಣ ಗೋಪ್ಯವಾಗಿದ್ದು, ಗೋಪ್ಯತೆಗೆ ಇಬ್ಬರು ಸಾಕ್ಷಿಗಳು ಹಾಜರಿರುತ್ತಾರೆ.”

“ಒಳಗ ಬರ್ರಿ ಮಾಸ್ತರ್, ಕುಂದ್ರಿ,” ಎಂದರು ಕಲ್ಯಾಣಪ್ಪ.

“ಕಂಪ್ಯೂಟರ್ ಹೊರಗ ತರ್ರಿ, ಇಲ್ಲೇ ಕುಂದರ್ತೀನಿ.”

“ಅದು ಹೊರಗ ಬರಂಗಿಲ್ರಿ. ಅದಕ್ಕ ಧೂಳಂದ್ರ ಆಗಂಗಿಲ್ಲ.”

“ಅದಕ್ಕ ಅಂಜಿಕಿ ಇರಬಹುದು, ನನಗ ಇರಬಾರ್ದೇನು?”

“ನಿಮ್ಮ ಅಂಜಿಕಿ ಬಿಡಸ್ಲಿಕ್ಕೇ ಕರ್ಯಾಕತ್ತೀನ್ರಿ. ಒಳಗ ಬಂದ್ರ ಅಂಜಿಕಿ ಹೋಗ್ತದ.”

“ಅಂಜಿಕಿ ಹೋದ್ರ ಒಳಗ ಬರ್ತೀನಿ.”

ಇಬ್ಬರ ಮಾತಿನಲ್ಲೂ ತಪ್ಪಿರಲಿಲ್ಲ. ಹೀಗಾಗಿ ಕೆಲಸ ನಿಂತಿತು. ಕಲ್ಯಾಣಪ್ಪನವರು ಕೊಂಚ ಯೋಚಿಸಿ ಕೇಳಿದರು: “ನೀವು ರಜಾ ಹಾಕಿದ್ರ ಶಾಲ್ಯಾಗ ಏನ್ ಮಾಡ್ತಾರ್ರಿ?”

“ಬದಲಿ ಮಾಸ್ತರನ್ನ ಹಾಕ್ತಾರ.”

“ಪಾಠಕ್ಕ ಬದಲಿ ನಡೀತದಂದ್ರ ಅಂಜಿಕಿಗೂ ನಡೀತದ.”

ಶಿಕ್ಷಣ ಇಲಾಖೆಯಲ್ಲಿ ಕೂದಲು ಹಣ್ಣಾದ ಮಾಸ್ತರರಿಗೆ ಇದರಲ್ಲಿ ಅಸಹಜವೇನೂ ಕಾಣಲಿಲ್ಲ. ಕೇಂದ್ರದ ಜವಾನ ಮಾಣಿಕಪ್ಪನನ್ನು ಅವರ ಬದಲಿಯಾಗಿ ನೇಮಿಸಲಾಯಿತು. ಮಾಣಿಕಪ್ಪ ಗುಂಡಗುರ್ತಿಯವನು, ಜೀವಮಾನದಲ್ಲಿ ಯಾವುದಕ್ಕೂ ಅಂಜಿದವನಲ್ಲ. ಅವನು ಕಂಪ್ಯೂಟರಿನ ಮುಂದೆ ಕುಳಿತ. ಮಾಸ್ತರರು ಕಿಟಕಿಯ ಹೊರಗೆ ಬಿಸಿಲಿನಲ್ಲಿ ನಿಂತರು. ಪರದೆಯ ಮೇಲೆ ಬೆಂಗಳೂರಿನ ಡಾಕ್ಟರ್ ಪದ್ಮಜಾ ತುಂಡುತುಂಡಾಗಿ ಮೂಡಿದರು.

“ಆನಂದತೀರ್ಥ ಅವರೇ, ನೀವೀಗ ಸುರಕ್ಷಿತವಾದ ಜಾಗದಲ್ಲಿದ್ದೀರಿ. ಆ ದಿನ ಏನಾಯಿತು, ನಿಧಾನವಾಗಿ ಹೇಳಿ.”

ಮಾಣಿಕಪ್ಪ ಕಿಟಕಿಯ ಕಡೆ ತಿರುಗಿದ. “ಏನಾತ್ರಿ ಅವತ್ತು?”

“ಧಡಲ್ ಅಂತ ಸಪ್ಪಳಾತು,” ಎಂದು ಮಾಸ್ತರರು ಹೊರಗಿನಿಂದ ಕೂಗಿದರು. “ತಿರುಗಿ ನೋಡ್ತೀನಿ, ಕುರ್ಚಿ ಎರಡು ತುಂಡು.”

“ಸಪ್ಪಳಾತ್ರಿ ಮೇಡಂ. ಕುರ್ಚಿ ಮೂರು ತುಂಡಾತ್ರಿ.”

ಕಿಟಕಿಯ ಬಳಿ ಹೂವು ಮಾರುತ್ತಿದ್ದ ಇಮಾಮ್ಬೀ ತಲೆ ಎತ್ತಿದಳು. “ಮಾಸ್ತರ್ ಎರಡು ಅಂದ್ರ ನೀ ಮೂರು ಅಂತಿ. ಅಂಜಿದವರು ನೀನೋ ಅವರೋ?”

“ಸರ್ಕಾರಿ ಕೆಲಸದಾಗ ಬಾಯಿ ಹಾಕಬ್ಯಾಡ ಬೇ,” ಎಂದು ಮಾಣಿಕಪ್ಪ ಗದರಿದ. ಗೋಪ್ಯತೆಯ ಸಾಕ್ಷಿಗಳಲ್ಲಿ ಒಬ್ಬರು ರಜೆಯಲ್ಲಿದ್ದುದರಿಂದ ಇಮಾಮ್ಬೀಯ ಹೆಬ್ಬೆಟ್ಟನ್ನೇ ಪಡೆಯಲಾಯಿತು.

ಚಿಕಿತ್ಸೆ ವಾರವಾರವೂ ನಡೆಯಿತು. ಕೇಂದ್ರದ ಎದುರಿನ ನಿಲ್ದಾಣದಲ್ಲಿ ಬಸ್ಸಿಗೆ ಕಾಯುವವರು ಬೇಗ ಬಂದು ಕಿಟಕಿಯ ಬಳಿ ಜಾಗ ಹಿಡಿಯತೊಡಗಿದರು. ಚಿತ್ತಾಪುರದ ಬಸ್ಸನ್ನು ಬೇಕೆಂದೇ ತಪ್ಪಿಸಿಕೊಂಡವರೂ ಇದ್ದರು. ಮಾಸ್ತರರು ಹೇಳಿಕೊಟ್ಟದ್ದಕ್ಕಿಂತ ಮಾಣಿಕಪ್ಪ ಹೇಳುವುದು ಸೊಗಸಾಗಿರುತ್ತಿತ್ತು. ಸೇವೆಗೆ ಸೇರಿದಂದಿನಿಂದ ಸ್ಟೂಲಿನ ಮೇಲೇ ಕುಳಿತವನು, ಕುರ್ಚಿ ಕಳೆದುಕೊಂಡ ದುಃಖದಲ್ಲಿ ಒಮ್ಮೆ ಎಷ್ಟು ಅತ್ತನೆಂದರೆ, ಕಿಟಕಿಯಾಚೆ ಮಾಸ್ತರರೇ ಅವನಿಗೆ ಸಮಾಧಾನ ಹೇಳಬೇಕಾಯಿತು. ಡಾಕ್ಟರರು ಉಸಿರು ಎಳೆದು ಬಿಡುವುದನ್ನು ಕಲಿಸಿದರು. ಮಾಣಿಕಪ್ಪ ಎಳೆದ, ಬಿಟ್ಟ. ಅವನ ಹಳೆಯ ತಲೆನೋವು ಹೋಯಿತು. ಮಾಸ್ತರರಿಗೆ ಬಿಸಿಲು ಬಡಿದು ಹೊಸದು ಶುರುವಾಯಿತು.

ಕೊನೆಗೆ ಡಾಕ್ಟರರ ಪ್ರಮಾಣಪತ್ರ ಬಂದಿತು: “ಶ್ರೀ ಆನಂದತೀರ್ಥ ಇವರು ಚಾವಣಿಯ ಕೆಳಗೆ ನಿರ್ಭೀತರಾಗಿ, ಕಾಲ ಮೇಲೆ ಕಾಲು ಹಾಕಿ ಕುಳಿತಿರುವುದನ್ನು ಖುದ್ದಾಗಿ ಕಂಡಿರುತ್ತೇನೆ. ಸಂಪೂರ್ಣ ಗುಣಮುಖರಾಗಿದ್ದಾರೆ.” ಮೂಲೆಯಲ್ಲಿ ಮಾಣಿಕಪ್ಪನ ಭಾವಚಿತ್ರವಿತ್ತು. ಭಾಮಾ ಅದನ್ನು ಎರಡು ಸಲ ಓದಿದರು.

“ಇದು ನಿಮ್ಮ ಮಾರಿ ಅಲ್ಲ.”

“ಹೆಸರು ನಂದದ.”

“ಹೆಸರು ಧಾರಿ ಎರೀತದೇನು?”

ಮಾಸ್ತರರು ಮಾಳಿಗೆ ಹತ್ತಿದರು.

ಮದುವೆಯ ದಿನ ಅವರು ಜರಿ ಧೋತರ ಉಟ್ಟು ಮಂಟಪದ ಬಾಗಿಲವರೆಗೆ ಬಂದರು. ಒಂದು ಕಾಲನ್ನು ಒಳಗೆ ಇಟ್ಟರು. ತಲೆ ಎತ್ತಿ ಚಾವಣಿಯನ್ನು ನೋಡಿ ಆ ಕಾಲನ್ನು ಮರಳಿ ತೆಗೆದುಕೊಂಡರು. ಮುಹೂರ್ತ ಸಮೀಪಿಸುತ್ತಿತ್ತು. ವಿಮಲಾಬಾಯಿ ಪ್ರಮಾಣಪತ್ರ ತರಿಸಿ, ಕನ್ನಡಕ ಏರಿಸಿ, ಭಾವಚಿತ್ರವನ್ನೂ ಮಾಸ್ತರರನ್ನೂ ತಾಳೆ ನೋಡಿದರು.

“ಇದರಾಗ ಇದ್ದವರು ಎಲ್ಲಿದ್ದಾರ?”

ಕಲ್ಯಾಣಪ್ಪನವರು ಊಟದ ಸಾಲಿನಿಂದ ಮಾಣಿಕಪ್ಪನನ್ನು ಎಬ್ಬಿಸಿ ತಂದರು.

“ಸರ್ಕಾರಕ್ಕ ಇವರೇ ಬೀಗರಂದ್ರ ನಮಗೂ ಇವರೇ ಬೀಗರು,” ಎಂದರು ವಿಮಲಾಬಾಯಿ. “ಧಾರಿ ಎರೀಲಿ.”

ಪುರೋಹಿತರು ಶಾಸ್ತ್ರದಲ್ಲಿ ಪ್ರತಿನಿಧಿಗೆ ಅವಕಾಶವಿದೆ ಎಂದರು. ಅವರಿಗೆ ಮಧ್ಯಾಹ್ನ ಇನ್ನೊಂದು ಮದುವೆ ಇತ್ತು. ಮಾಣಿಕಪ್ಪ ಕೊರಳ ಲಿಂಗವನ್ನು ಕಣ್ಣಿಗೆ ಒತ್ತಿಕೊಂಡು, ಭಾಮಾ ಅವರಿಂದ ಒಂದು ಮಣೆ ಬಿಟ್ಟು ಕುಳಿತ. ಗೋತ್ರ ಕೇಳಿದಾಗ ಅಭ್ಯಾಸಬಲದಿಂದ ಕಿಟಕಿಯ ಕಡೆ ತಿರುಗಿದ. ಬಿಸಿಲಿನಿಂದ “ಕಾಶ್ಯಪ” ಎಂಬ ಕೂಗು ಬಂದಿತು. ನೀರು ಬಿತ್ತು. ಪ್ರಮಿತಾ ಕಿಟಕಿಯನ್ನೇ ನೋಡುತ್ತಿದ್ದಳು. ಫೋಟೋ ತೆಗೆಯುವವನು ಅವಳ ಮುಖವನ್ನು ಎರಡು ಸಲ ಈಚೆ ತಿರುಗಿಸಿದ.

ಬದಲಿ ವ್ಯವಸ್ಥೆಯನ್ನು ಸರ್ಕಾರ ಮೆಚ್ಚಿ ವಿಸ್ತರಿಸಿತು. ವಾಡಿಯಲ್ಲಿ ರೈಲಿಗೆ ಅಂಜುವವರು, ಶಹಾಬಾದಿನಲ್ಲಿ ಗಣಿಯ ಸಿಡಿಮದ್ದಿನ ಸಪ್ಪಳಕ್ಕೆ ಬೆಚ್ಚುವವರು, ಚಿಂಚೋಳಿಯಲ್ಲಿ ತಹಸೀಲ್ದಾರರನ್ನು ಕಂಡರೆ ನಡುಗುವವರು, ಎಲ್ಲರ ಪರವಾಗಿಯೂ ಮಾಣಿಕಪ್ಪನೇ ಗುಣವಾದ. ಈಗ ಆ ಸೀಮೆಯಲ್ಲಿ ಅವನಷ್ಟು ನೆಮ್ಮದಿಯ ಮನುಷ್ಯ ಇನ್ನೊಬ್ಬನಿಲ್ಲ.

ಮರುವರ್ಷ ಪ್ರಮಿತಾಳಿಗೆ ಗಂಡುಮಗು ಹುಟ್ಟಿತು. ವಿಮಲಾಬಾಯಿ ಫೋನ್ ಮಾಡಿದರು: “ನಮ್ಮ ಮನ್ಯಾಗ ತೊಟ್ಟಿಲ ಇಟ್ಟೀವ್ರಿ. ಅಜ್ಜ ಆದವರು ಕೂಸಿನ ಕಿವ್ಯಾಗ ಹೆಸರು ಹೇಳಬೇಕು. ಮರೀದೆ ಅವರನ್ನ ಕಳಸ್ರಿ.”

ಮಾಸ್ತರರು ಆಗಲಿ ಎಂದರು. ಅಂಗಳದವರೆಗೆ ಎಳೆದಿದ್ದ ಫೋನಿನ ತಂತಿಯನ್ನು ಸುತ್ತಿಟ್ಟರು. ಆಮೇಲೆ ಕೇಂದ್ರಕ್ಕೆ ಹೋಗಿ ಕಿಟಕಿಯ ಹೊರಗಿನಿಂದ ಮಾಣಿಕಪ್ಪನನ್ನು ಕರೆದು, ಮೊಮ್ಮಗನ ಹೆಸರನ್ನು ಅವನ ಕಿವಿಯಲ್ಲಿ ಹೇಳಿದರು.